ಫೈಬರ್ ನಾಡದೋಣಿಗೆ ಯಾವ ಬೋಲ್ಟ್, ಯಾವ ಸ್ಕ್ರೂ?

ಹಗ್ಗ ಬಿಗಿಯುವ ಕ್ಲೀಟ್‌ನ ಬುಡದಿಂದ ಕಂದು ಗೆರೆ ಇಳಿಯುತ್ತಿದ್ದರೆ, ಅದನ್ನು ಉಜ್ಜಿ ತೆಗೆದು ಸುಮ್ಮನಾಗಬೇಡಿ. ಬೋಲ್ಟಿನ ತಲೆ ಬೆಳ್ಳಗೆ ಹೊಳೆಯುತ್ತಿದ್ದರೂ ಫೈಬರ್ ಒಳಗಿರುವ ಭಾಗ ಸವೆದು ಪೆನ್ಸಿಲ್ ಮೊನೆಯಂತಾಗಿರಬಹುದು. ಅಲೆಯ ಹೊಡೆತಕ್ಕೆ ಹಗ್ಗ ಜಗ್ಗಿದಾಗ ಅದು ತುಂಡಾಗುವುದು ಅಲ್ಲೇ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ತೆಳ್ಳನೆಯ ಕ್ರೋಮಿಯಂ ಆಕ್ಸೈಡ್ ಪದರ. ಗೀರು ಬಿದ್ದರೂ ಆಮ್ಲಜನಕ ತಾಗಿದೊಡನೆ ಆ ಪದರ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ರಂಧ್ರದೊಳಗೆ ಉಪ್ಪುನೀರು ನಿಂತು, ಗಾಳಿ ಆಡದೆ ಹೋದರೆ ಪದರ ಕಟ್ಟುವುದಿಲ್ಲ. ಲೋಹ ಚುಕ್ಕೆ ಚುಕ್ಕೆಯಾಗಿ ಕೊರೆದುಹೋಗುತ್ತದೆ. ಹಾಗಾಗಿ ಒಳ್ಳೆಯ ಬೋಲ್ಟ್ ಕೊಂಡರೆ ಅರ್ಧ ಕೆಲಸವಷ್ಟೇ ಆಯಿತು. ರಂಧ್ರವನ್ನು ಒಣಗಿಸಿಡುವುದು ಉಳಿದರ್ಧ.

ಅಂಗಡಿಯಲ್ಲಿ ಬರೀ "ಎಸ್‌ಎಸ್ ಬೋಲ್ಟ್ ಕೊಡಿ" ಎಂದರೆ 202 ದರ್ಜೆಯದು ಕೈಗೆ ಬರುವ ಸಾಧ್ಯತೆ ಇದೆ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಮನೆಯ ಕಿಟಕಿಗೆ ಸರಿ, ಕಡಲಿಗೆ ಬೇಡ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. ಸಿಹಿನೀರಿನ ಕೆರೆ, ಅಣೆಕಟ್ಟಿನ ಹಿನ್ನೀರಿನ ದೋಣಿಗೆ ಅದು ಸಾಕು. ಕಡಲಿಗೂ ಅಳಿವೆಗೂ 316 ಬೇಕು. ಅದರಲ್ಲಿರುವ 2ರಿಂದ 3% ಮಾಲಿಬ್ಡಿನಂ ಉಪ್ಪಿನ ಕೊರೆತವನ್ನು ತಡೆಯುತ್ತದೆ. ಬೋಲ್ಟ್ ತಲೆಯ ಮೇಲಿನ ಅಚ್ಚು ಓದಿ: ಎ2-70 ಎಂದಿದ್ದರೆ 304ರ ಗುಂಪು, ಎ4-70 ಅಥವಾ ಎ4-80 ಎಂದಿದ್ದರೆ 316ರ ಗುಂಪು. ಅಚ್ಚೇ ಇಲ್ಲದ ಬೋಲ್ಟನ್ನು ಕ್ಲೀಟಿಗೆ ಹಾಕಬೇಡಿ.

ಆಯಸ್ಕಾಂತ ಹಿಡಿದು ನೋಡುವ ರೂಢಿ ಇದೆ, ಆದರೆ ಅದರಿಂದ 304 ಮತ್ತು 316ರ ವ್ಯತ್ಯಾಸ ತಿಳಿಯದು. ತಣ್ಣಗೆ ಒತ್ತಿ ಮಾಡಿದ ಬೋಲ್ಟ್ ಯಾವುದಾದರೂ ಸ್ವಲ್ಪ ಸೆಳೆಯುತ್ತದೆ. ಗಟ್ಟಿಯಾಗಿ ಅಂಟಿಕೊಂಡರೆ ಮಾತ್ರ ಅದು 410 ದರ್ಜೆಯ ಸ್ಟೇನ್‌ಲೆಸ್ ಅಥವಾ ಲೇಪನ ಮಾಡಿದ ಸಾದಾ ಕಬ್ಬಿಣ ಎಂದು ತಿಳಿದು ಬದಿಗಿಡಿ. ತಾನೇ ಕೊರೆದುಕೊಂಡು ಹೋಗುವ ಶೀಟ್ ಸ್ಕ್ರೂಗಳು ಬಹಳಷ್ಟು 410ರವು. ಕಡಲಲ್ಲಿ ಬೇಗ ಕೆಂಪಾಗುತ್ತವೆ.

ಬೆಳ್ಳಿ ಅಥವಾ ಹಳದಿ ಮಿರುಗಿನ ಸತು ಲೇಪಿತ ಸ್ಕ್ರೂಗಳ ಲೇಪನ ಕೆಲವೇ ಮೈಕ್ರಾನ್ ದಪ್ಪ, ಒಂದು ಮಳೆಗಾಲಕ್ಕೂ ಬಾಳಿಕೆ ಬರುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಒರಟು ಬೂದು ಬೋಲ್ಟ್ ಬೇರೆ ಮಾತು. ಮರದ ದೋಣಿಗೆ ಅದು ಇವತ್ತಿಗೂ ಒಳ್ಳೆಯ ಆಯ್ಕೆ. ಹಿತ್ತಾಳೆ ಸ್ಕ್ರೂವನ್ನು ನೀರಿನ ಕೆಳಗೆ ಹಾಕಲೇಬೇಡಿ. ಉಪ್ಪುನೀರು ಅದರೊಳಗಿನ ಸತುವನ್ನು ಎಳೆದುಕೊಂಡು, ಗುಲಾಬಿ ಬಣ್ಣದ ಪೊಳ್ಳು ತಾಮ್ರವನ್ನಷ್ಟೇ ಉಳಿಸುತ್ತದೆ. ಸದಾ ನೀರಲ್ಲಿರುವ ಮರಕ್ಕೆ ಸಿಲಿಕಾನ್ ಕಂಚು ಸಿಕ್ಕರೆ ಸ್ಟೇನ್‌ಲೆಸ್‌ಗಿಂತ ಮೇಲು.

ಅಲ್ಯೂಮಿನಿಯಂ ಪೈಪು, ಬ್ರಾಕೆಟ್‌ಗಳ ವಿಷಯದಲ್ಲಿ ಜಾಗ್ರತೆ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಉಪ್ಪುನೀರಲ್ಲಿ ಕೂಡಿದರೆ ಬ್ಯಾಟರಿಯಂತಾಗಿ, ಸವೆಯುವುದು ಅಲ್ಯೂಮಿನಿಯಂ. ರಂಧ್ರದ ಸುತ್ತ ಬಿಳಿ ಪುಡಿ ಕಂಡರೆ ಅದೇ ಕಾರಣ. ನಡುವೆ ನೈಲಾನ್ ವಾಶರ್ ಹಾಕಿ, ಬೋಲ್ಟಿನ ಕಾಂಡಕ್ಕೆ ಸೀಲೆಂಟ್, ಅಂದರೆ ನೀರು ತಡೆಯುವ ಅಂಟು, ಸವರಿ. ಕಂಚು, ತಾಮ್ರವನ್ನಂತೂ ಅಲ್ಯೂಮಿನಿಯಂಗೆ ತಾಗಿಸಬೇಡಿ.

ಭಾರ ಬೀಳುವ ಯಾವುದಕ್ಕೂ, ಅಂದರೆ ಕ್ಲೀಟ್, ಲಂಗರಿನ ಹಗ್ಗದ ಬಳೆ, ಹುಟ್ಟಿನ ಕೊಂಡಿಗೆ, ಸ್ಕ್ರೂ ಸಾಲದು. ತೆಳು ಫೈಬರ್‌ನಲ್ಲಿ ಸ್ಕ್ರೂವಿಗೆ ಹಿಡಿತವೇ ಇರುವುದಿಲ್ಲ. ಆರಪಾರ ಬೋಲ್ಟ್ ಹಾಕಿ, ಒಳಬದಿಯಲ್ಲಿ ಎಪಾಕ್ಸಿ (ಎರಡು ಭಾಗ ಕಲಸಿ ಬಳಿಯುವ ಗಟ್ಟಿ ಅಂಟು) ಬಳಿದ 12 ಮಿ.ಮೀ. ಮೆರೈನ್ ಪ್ಲೈವುಡ್ ತುಂಡಿನ ಆಸರೆ ಕೊಡಿ. ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ 18 ಮಿ.ಮೀ., ಎಂ8ಕ್ಕೆ 24 ಮಿ.ಮೀ. ಅಗಲದ ದೊಡ್ಡ ವಾಶರ್ ಬೇಕು. ಉದ್ದವನ್ನು ಕೂಡಿಸಿ ನೋಡಿಯೇ ಕೊಳ್ಳಿ: ಕ್ಲೀಟ್ ಪಾದ 10, ಫೈಬರ್ 6, ಪ್ಲೈವುಡ್ 12, ವಾಶರ್ 1.6, ನೈಲಾನ್ ಉಂಗುರದ ನಟ್ 6, ಹೊರಚಾಚುವ ಮೂರು ಎಳೆ 3. ಒಟ್ಟು 38.6 ಮಿ.ಮೀ. ಎಂದರೆ 40ರ ಬೋಲ್ಟ್.

ಎಂ6ಕ್ಕೆ 6.5 ಮಿ.ಮೀ. ರಂಧ್ರ ಕೊರೆಯಿರಿ. ಮೇಲಿನ ಬಣ್ಣದ ಪದರ, ಜೆಲ್‌ಕೋಟ್, ದಾಟುವವರೆಗೆ ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿದರೆ ಅಂಚು ಸಿಡಿಯುವುದಿಲ್ಲ. ಆಮೇಲೆ ರಂಧ್ರದ ಬಾಯನ್ನು ಸುಮಾರು 10 ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಕೆತ್ತಿ. ಈ ಚಿಕ್ಕ ತಗ್ಗಿನಲ್ಲೇ ಸೀಲೆಂಟ್ ಉಂಗುರವಾಗಿ ನಿಂತು ನೀರನ್ನು ತಡೆಯುವುದು. ಬಹಳ ಮಂದಿ ಬಿಟ್ಟುಬಿಡುವ ಹಂತ ಇದು, ಸೋರಿಕೆ ಶುರುವಾಗುವುದೂ ಇಲ್ಲಿಂದಲೇ. ಫೈಬರ್ ಪದರಗಳ ನಡುವೆ ಮರವೋ ಫೋಮೋ ಇದ್ದರೆ ರಂಧ್ರವನ್ನು 12 ಮಿ.ಮೀ.ಗೆ ಹಿಗ್ಗಿಸಿ, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ನಡುವೆ ಮತ್ತೆ 6.5 ಕೊರೆಯಿರಿ.

ಸೀಲೆಂಟ್ ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಆಗಿರಲಿ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಅದು ಬಳಿದ ಜಾಗಕ್ಕೆ ಮುಂದೆ ಬಣ್ಣವೂ ಅಂಟುವುದಿಲ್ಲ. ಬೋಲ್ಟ್ ತಲೆಯನ್ನು ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ತಲೆ ತಿರುಗಿದರೆ ಸೀಲೆಂಟಿನ ಉಂಗುರ ಹರಿಯುತ್ತದೆ. ಎಳೆಗಳಿಗೆ ಆಂಟಿ-ಸೀಜ್ ಗ್ರೀಸ್ ಸವರಿ ಕೈ ಸ್ಪ್ಯಾನರಿನಲ್ಲಿ ನಿಧಾನ ಬಿಗಿಯಿರಿ. ಮಿಷನ್ನಿನಲ್ಲಿ ಜೋರಾಗಿ ತಿರುಗಿಸಿದರೆ ಸ್ಟೇನ್‌ಲೆಸ್ ನಟ್ ಬೋಲ್ಟಿಗೆ ಅಂಟಿ ಜಾಮ್ ಆಗುತ್ತದೆ, ಮತ್ತೆ ಕತ್ತರಿಸುವುದೊಂದೇ ದಾರಿ.

ಔಟ್‌ಬೋರ್ಡ್ ಎಂಜಿನ್ ಕೂರುವ ಹಿಂಬದಿಯ ಹಲಗೆಯಲ್ಲಿ ಇದೆಲ್ಲ ಇನ್ನೂ ಮುಖ್ಯ. ಎಂಜಿನ್ನನ್ನು ಹಲಗೆಗೆ ಬಿಗಿಯುವ ಕ್ಲಾಂಪ್ ಸ್ಕ್ರೂಗಳನ್ನೇ ನಂಬದೆ ಬೋಲ್ಟ್ ಹಾಕಿ, ಆದರೆ ರಂಧ್ರದ ಒಳಗೋಡೆಗೆ ಮೊದಲು ಎಪಾಕ್ಸಿ ಕುಡಿಸಿ. ಹಲಗೆಯೊಳಗಿನ ಪ್ಲೈವುಡ್ ಒಮ್ಮೆ ನೀರು ಹೀರಿತೆಂದರೆ ಕೊಳೆಯುವುದು ಹೊರಗಿನಿಂದ ಕಾಣುವುದಿಲ್ಲ.

ನಾಡದೋಣಿಗೆ ಮಳೆಗಾಲವೇ ದುಡಿಮೆಯ ಕಾಲ, ಹಾಗಾಗಿ ತಪಾಸಣೆ ಮೇ ತಿಂಗಳ ಬಿಸಿಲಲ್ಲೇ ಮುಗಿಯಲಿ. ಪ್ರತಿ ಕ್ಲೀಟಿನಿಂದ ಒಂದೊಂದು ಬೋಲ್ಟ್ ಹೊರತೆಗೆದು, ಫೈಬರ್ ಒಳಗಿದ್ದ ಭಾಗಕ್ಕೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ ಆ ಕ್ಲೀಟಿನ ಎಲ್ಲ ಬೋಲ್ಟುಗಳನ್ನೂ ಒಟ್ಟಿಗೆ ಬದಲಿಸಿ.