ಮುಂದಿನ ಅನಿಮೆ ಆರಿಸಲು ಪತ್ರಿಕೆಯ ಹೆಸರು ನೋಡಿ

ಮೆಚ್ಚಿದ ಅನಿಮೆ (ಜಪಾನಿ ಆ್ಯನಿಮೇಷನ್ ಸರಣಿ) ಮುಗಿದು ಅದೇ ರುಚಿಯ ಇನ್ನೊಂದು ಬೇಕಿದ್ದರೆ ‘ಆ್ಯಕ್ಷನ್’, ‘ರೊಮ್ಯಾನ್ಸ್’ ವಿಭಾಗಗಳಲ್ಲಿ ಹುಡುಕಬೇಡಿ. ಅದರ ಮೂಲ ಮಾಂಗಾ, ಅಂದರೆ ಚಿತ್ರಕಥೆ (ಕಾಮಿಕ್ಸ್), ಜಪಾನಿನ ಯಾವ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತೆಂದು ನೋಡಿ (ವಿಕಿಪೀಡಿಯ ಪುಟದ ಬಲಬದಿಯ ಚೌಕದಲ್ಲಿ ಇರುತ್ತದೆ), ಅದೇ ಪತ್ರಿಕೆಯ ಬೇರೆ ಕಥೆ ಹಿಡಿಯಿರಿ. ಸಂಪಾದಕರು ತಮ್ಮ ಓದುಗರ ವಯಸ್ಸು, ಅಭಿರುಚಿ ನೋಡಿಯೇ ಕಥೆ ಆರಿಸುತ್ತಾರೆ. ಕಥೆಯ ಓಟವೂ ಪತ್ರಿಕೆಯ ಅಳತೆಗೆ ಹೊಂದಿಕೊಳ್ಳುತ್ತದೆ. ವಾರಪತ್ರಿಕೆ ‘ಶೋನೆನ್ ಜಂಪ್’ನಲ್ಲಿ ಕಂತಿಗೆ ಸುಮಾರು 20 ಪುಟ, ಹಾಗಾಗಿ ಹೆಚ್ಚಿನ ಕಂತುಗಳು ಕುತೂಹಲದಲ್ಲೇ ನಿಲ್ಲುತ್ತವೆ. ಮಾಸಪತ್ರಿಕೆ ‘ಆಫ್ಟರ್‌ನೂನ್’ನಲ್ಲಿ ಮೌನಕ್ಕೂ ಜಾಗವುಂಟು: ‘ವಿನ್‌ಲ್ಯಾಂಡ್ ಸಾಗಾ’ದ 2ನೇ ಸೀಸನ್‌ನ ನಿಧಾನ ಹಿಡಿಸಿದವರು ಅಲ್ಲಿನದೇ ‘ಮುಶಿಶಿ’, ‘ಬ್ಲೂ ಪೀರಿಯಡ್’ ನೋಡಲೇಬೇಕು. ಶಾಲಾ ಹುಡುಗಿಯರ ಬ್ಯಾಂಡಿನ ಕಥೆ ‘ಕೆ-ಆನ್!’ ಇಷ್ಟವಾದವರಿಗೆ ‘ಮಾಂಗಾ ಟೈಮ್ ಕಿರಾರಾ’ ಬಳಗದ ‘ಬೊಚ್ಚಿ ದ ರಾಕ್!’. ಮಾಂಗಾ ಮೂಲವೇ ಇಲ್ಲದ ಅನಿಮೆಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ನಿರ್ದೇಶಕರ ಹೆಸರು ಹಿಡಿಯಿರಿ. 1998ರ ‘ಕೌಬಾಯ್ ಬೀಬಾಪ್’ ಮೆಚ್ಚಿದವರು ಅದೇ ಶಿನಿಚಿರೊ ವಟನಾಬೆ ಅವರ ‘ಸಮುರಾಯ್ ಚಾಂಪ್ಲೂ’ಗೆ ಹೋಗಬಹುದು. ಮಕ್ಕಳಿಗೆ ಆರಿಸುವಾಗಲಂತೂ ಪತ್ರಿಕೆಯೊಂದನ್ನೇ ನಂಬಬೇಡಿ. ‘ಶೋನೆನ್’ ಎಂದರೆ ಹುಡುಗ ಎಂದರ್ಥ, ನಿಜ. ಆದರೆ ಮನುಷ್ಯರನ್ನು ತಿನ್ನುವ ದೈತ್ಯರ ‘ಅಟ್ಯಾಕ್ ಆನ್ ಟೈಟನ್’ 2009ರಿಂದ 2021ರವರೆಗೆ ಬಂದದ್ದೂ ‘ಬೆಸ್ಸಾತ್ಸು ಶೋನೆನ್ ಮ್ಯಾಗಜೀನ್’ನಲ್ಲೇ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ತೋರಿಸುವ ವಯೋಮಿತಿಯನ್ನು ಬೇರೆಯಾಗಿ ನೋಡಿಕೊಳ್ಳಿ.