ಬಿಲ್ಲು ಬೆಳ್ಳಗಾಗುವ ಮೊದಲು

ಕುಂಬಳೆಯ ಹತ್ತಿರ ತಮ್ಮನ ಸ್ಕೂಟರಿಗೆ ಕಾರು ಬಡಿಯಿತು. ತೊಡೆ ಮೂಳೆ ಮುರಿದು ರಾಡ್ ಹಾಕಬೇಕಾಯಿತು. ನಮ್ಮ ಕಡೆ ಇಂಥದ್ದಾದರೆ ಆಂಬುಲೆನ್ಸ್ ಸೀದಾ ತಲಪಾಡಿ ದಾಟಿ ಮಂಗಳೂರಿಗೇ, ಅಲ್ವಾ? ಅಪಘಾತ ಕೇರಳದಲ್ಲಿ, ಆಸ್ಪತ್ರೆ ಕರ್ನಾಟಕದಲ್ಲಿ. ವಿಮೆಯವರಿಂದ ಪರಿಹಾರ ಕೇಳುವ ಕೇಸು ಎಲ್ಲಿ ಹಾಕುವುದು? "ನೀವಿರುವ ಕಡೆಯೇ ಹಾಕಬಹುದು, ಆದರೆ ಅಪಘಾತವಾಗಿ ಆರು ತಿಂಗಳೊಳಗೆ ಹಾಕಬೇಕೆಂಬ ಗಡುವು 2022ರ ಏಪ್ರಿಲ್‌ನಿಂದ ಬಂದಿದೆ, ತಡ ಮಾಡಬೇಡಿ" ಎಂದರು ವಕೀಲರು. ಕಾಸರಗೋಡಿನಲ್ಲೇ ಹಾಕಿದೆವು.

ಬಿಲ್ಲುಗಳನ್ನು ಅಮ್ಮ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಐದು ತಿಂಗಳ ನಂತರ ತೆಗೆದರೆ ಮದ್ದಿನಂಗಡಿಯ ಚೀಟಿಗಳಲ್ಲಿ ಅರ್ಧ ಬರೀ ಬಿಳಿ! ಬಿಸಿಲಿಗೆ ಓರೆಯಾಗಿ ಹಿಡಿದರೆ ಎಲ್ಲೋ ಒಂದು ಅಂಕಿ ಕಾಣುತ್ತಿತ್ತು. ಇನ್ನುಳಿದದ್ದಾದರೂ ಇರಲಿ ಎಂದು ಒಂದನ್ನು ಲ್ಯಾಮಿನೇಷನ್ ಮಾಡಿಸಿದೆ. ಬಿಸಿ ತಾಗಿದ್ದೇ ಪೂರ್ತಿ ಕಪ್ಪಾಯಿತು. ಆ ಕಾಗದದ ಗುಣವೇ ಹಾಗಂತೆ. ಬಂದ ದಿನವೇ ಜೆರಾಕ್ಸ್ ಮಾಡಿಡಬೇಕಿತ್ತು.

ಎರಡು ದಿನ ರಜೆ ಹಾಕಿ ಮಂಗಳೂರಿಗೆ ಹೋದೆ. ಮದ್ದಿನಂಗಡಿಯವರು ಕಂಪ್ಯೂಟರಿನಲ್ಲಿ ಹುಡುಕಿ ಮತ್ತೆ ಪ್ರಿಂಟ್ ಕೊಟ್ಟರು, ಸೀಲು ಹಾಕಿ. ಪ್ರತಿ ಬಿಲ್ಲಿನ ಹಿಂದೆ ಅದರ ಡಾಕ್ಟರ ಚೀಟಿ ಪಿನ್ ಮಾಡಿದೆ, ತಾರೀಕಿನ ಪ್ರಕಾರ. ಒಟ್ಟು 3,12,460 ರೂಪಾಯಿ. ಹೆಸರಿನ ಜಾಗದಲ್ಲಿ 'ಕ್ಯಾಶ್' ಎಂದಷ್ಟೇ ಇದ್ದ 11 ಬಿಲ್ಲುಗಳನ್ನು ವಿಮೆಯವರ ವಕೀಲರು ಒಪ್ಪಲೇ ಇಲ್ಲ. 8,340 ರೂಪಾಯಿ ಹೋಯಿತು. ಮದ್ದು ತೆಗೆದುಕೊಳ್ಳುವಾಗ ರೋಗಿಯ ಹೆಸರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ!

ಕೇಸು ರಾಜಿಯಲ್ಲಿ ಮುಗಿಸುವ ಲೋಕ ಅದಾಲತ್‌ಗೆ ಬಂತು. ಅಲ್ಲಿ ವಿಮೆಯವರು ಎಲ್ಲಾ ಸೇರಿಸಿ ಒಂದೇ ಮೊತ್ತ ಹೇಳಿದರು. ಕೇಳಲು ದೊಡ್ಡದೇ. "ಇದರಲ್ಲಿ ಆಸ್ಪತ್ರೆ ಖರ್ಚೆಷ್ಟು?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಮೊದಲು ಬಿಲ್ಲಿನ ದುಡ್ಡು ಬೇರೆ ಬರೆಯಿರಿ, ಚೌಕಾಸಿ ಆಮೇಲೆ ಎಂದು ಪಟ್ಟು ಹಿಡಿದೆ. 3,04,120 ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಂತವರ (ಬೈಸ್ಟ್ಯಾಂಡರ್) ಖರ್ಚು, ಪೌಷ್ಟಿಕ ಆಹಾರ, ಓಡಾಟ, ನೋವು, ಹೋದ ಸಂಬಳ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟೆವು.

ಸಹಿ ಹಾಕುವ ಮೊದಲು ನೆನಪಾದದ್ದು ರಾಡ್ ತೆಗೆಸುವ ಆಪರೇಷನ್. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅಪೀಲಿಲ್ಲ, ಆಮೇಲೆ ಹೋಗಿ ಕೇಳಲಾಗದು. ಪುಣ್ಯಕ್ಕೆ ಡಾಕ್ಟರ ಕೈಯಲ್ಲಿ 45,000 ರೂಪಾಯಿಯ ಎಸ್ಟಿಮೇಟ್ ಮೊದಲೇ ಬರೆಸಿಟ್ಟಿದ್ದೆ. ಅದೂ ಸೇರಿತು. ಆ ದುಡ್ಡನ್ನು ತಮ್ಮನ ಹೆಸರಿನಲ್ಲಿ ಎಫ್‌ಡಿ ಮಾಡಿದ್ದೇವೆ. ರಾಡ್ ತೆಗೆಸುವುದು ಮುಂದಿನ ಮೇ ತಿಂಗಳಲ್ಲಿ.