ಆತಂಕ, ಖಿನ್ನತೆ ಎರಡೂ ಇದ್ದಾಗ ನಾನು ಗುಳಿಗೆ ಆರಿಸುವುದು ಹೀಗೆ

ಕಲಬುರಗಿಯ ನನ್ನ ಓಪಿಡಿಗೆ ಯಾರೂ ಖಿನ್ನತೆ ಅಂತ ಹೇಳಿಕೊಂಡು ಬರುವುದಿಲ್ಲ. "ಎದಿ ಡಬಡಬ ಅಂತದ್ರೀ, ನಿದ್ದಿನೇ ಇಲ್ಲ" ಅಂತಾರೆ. ಅಷ್ಟರಲ್ಲಿ ಇಸಿಜಿ, ಥೈರಾಯ್ಡ್ ಎಲ್ಲಾ ಆಗಿರುತ್ತದೆ. ಕೂರಿಸಿ ಕೇಳಿದರೆ ಆತಂಕ, ಖಿನ್ನತೆ ಎರಡೂ ಹೊರಬೀಳುತ್ತವೆ.

2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 21 ಖಿನ್ನತೆ ಔಷಧಿಗಳ ದೊಡ್ಡ ಹೋಲಿಕೆ ಬಂತು. ಪರಿಣಾಮದಲ್ಲಿ ಎಲ್ಲಕ್ಕಿಂತ ಮೇಲೆ ನಿಂತಿದ್ದು ಹಳೆಯ, ಅಗ್ಗದ ಅಮಿಟ್ರಿಪ್ಟಿಲಿನ್. ನಾನು ಮಾತ್ರ ಅದರಿಂದ ಶುರು ಮಾಡುವುದಿಲ್ಲ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಬೆವರು ಕಡಿಮೆಯಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಹೊಲಕ್ಕೆ ಹೋಗುವವರಿಗೆ ಇದು ಸಣ್ಣ ತೊಂದರೆಯೇನಲ್ಲ. ಒಮ್ಮೆಲೇ ಜಾಸ್ತಿ ನುಂಗಿದರೆ ಹೃದಯಕ್ಕೇ ಅಪಾಯ. ಸಾಯುವ ಮಾತಾಡುವವರ ಕೈಗೆ ತಿಂಗಳ ಗುಳಿಗೆ ಹೇಗೆ ಕೊಡುವುದು?

ಹಾಗಾಗಿ ಹೆಚ್ಚಿನವರಿಗೆ ಎಸಿಟಲೋಪ್ರಾಮ್. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಹೃದಯದ ಕಾಯಿಲೆ ಇದ್ದವರಿಗೆ, ಹಾಲುಣಿಸುವ ತಾಯಂದಿರಿಗೆ ಸರ್ಟ್ರಲಿನ್. ಊಟ, ನಿದ್ದೆ ಬಿಟ್ಟು ಸೊರಗಿದವರಿಗೆ ಮಿರ್ಟಜಪಿನ್. ಮೊದಲೇ ದಪ್ಪ ಇದ್ದವರಿಗೆ ಅದು ಬೇಡ, ತೂಕ ಏರುತ್ತದೆ. ವಯಸ್ಸಾದವರು ಬಿಪಿಗೆ ನೀರಿನ ಗುಳಿಗೆ (ಮೂತ್ರ ಹೆಚ್ಚಿಸುವುದು) ತಗೊಳ್ತಿದ್ದರೆ ಈ ಔಷಧಿಗಳ ಜೊತೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಅದಕ್ಕೆ ಸೋಡಿಯಂ ಪರೀಕ್ಷೆ ಮಾಡಿಸುತ್ತೇನೆ.

ನಿಜವಾದ ಪೈಪೋಟಿ ಕ್ಲೋನಜಪಾಮ್ ಜೊತೆ, ಆತಂಕ ಇಳಿಸಿ ನಿದ್ದೆ ಬರಿಸುವ, ಆದರೆ ಚಟ ಹಿಡಿಸುವ ಗುಳಿಗೆ ಅದು. ಅದು ಅವತ್ತೇ ರಾತ್ರಿ ನಿದ್ದೆ ತರುತ್ತದೆ. ಎಸಿಟಲೋಪ್ರಾಮ್‌ಗೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಬೇರೆ. ರೋಗಿಯ ಕಣ್ಣಲ್ಲಿ ಯಾವುದು ಗೆಲ್ಲುತ್ತದೆ ಹೇಳಿ! "ಆ ಸಣ್ಣ ಗುಳಿಗಿನೇ ಬರೀರಿ ಸರ್" ಅಂತಾರೆ. ಎರಡು ಮೂರು ವಾರ ಕೊಟ್ಟು ಇಳಿಸುತ್ತೇನೆ, ಇಳಿಸುವ ದಿನವನ್ನು ಮೊದಲ ಚೀಟಿಯಲ್ಲೇ ಬರೆದಿರುತ್ತೇನೆ. ಬೇರೆ ಕಡೆಯಿಂದ ವರ್ಷಗಟ್ಟಲೆ ಅದೇ ಗುಂಪಿನ ಆಲ್ಪ್ರಜೋಲಾಮ್ ನುಂಗುತ್ತಾ ಬಂದವರಿಗೆ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು.

ಗಂಡಸರಲ್ಲಿ ಕೆಲವರು ಖಿನ್ನತೆಯ ಗುಳಿಗೆಯಿಂದ ಲೈಂಗಿಕ ತೊಂದರೆ ಶುರುವಾದರೆ ಬಾಯಿಬಿಡದೆ ಗುಳಿಗೆ ಬಿಡುತ್ತಾರೆ. ಅದಕ್ಕೆ ನಾನೇ ಕೇಳುತ್ತೇನೆ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ.

ರಾಶಿ ಮುಗಿದ ಮೇಲೆ ಬೆಂಗಳೂರು, ಪುಣೆಗೆ ದುಡಿಯಲು ಹೋಗುವವರದ್ದು ಬೇರೆಯೇ ಲೆಕ್ಕ. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ಗುಳಿಗೆ ಬೇಕು, ಅಲ್ಲಿ ನಡುವೆಯೇ ತಪ್ಪುತ್ತದೆ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆ ಗುಳಿಗೆಗಳು ತಪ್ಪಿದರೆ ತಲೆಸುತ್ತು, ಕರೆಂಟು ಹೊಡೆದ ಹಾಗೆ ಜುಮ್ ಅನ್ನುವುದು ಶುರುವಾಗುತ್ತದೆ. ಇಂಥವರಿಗೆ ಅವೆರಡನ್ನೂ ಬರೆಯುವುದಿಲ್ಲ. ಫ್ಲುಯಾಕ್ಸೆಟಿನ್ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ಒಂದೆರಡು ದಿನ ತಪ್ಪಿದರೂ ನಡೆಯುತ್ತದೆ. ಚಡಪಡಿಕೆ ಜಾಸ್ತಿ ಇದ್ದವರಿಗೆ ಅದನ್ನು ಕಡಿಮೆ ಡೋಸ್‌ನಿಂದ ಶುರು ಮಾಡುತ್ತೇನೆ, ಬೆಳಗಿನ ನಾಷ್ಟಾ ಆದ ಮೇಲೆ.